ತೂಕ ಸ್ವಲ್ಪ ಇಳಿದಿದೆ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಆಫೀಸಿನಲ್ಲೂ ಹೇಳುತ್ತಾರೆ. ನಾನೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಲ ಆ ಕೋಪ ನ್ಯಾಯವಾಗಿಯೇ ಬಂದಿತ್ತು. ಅದೇ ಸಿಟ್ಟಿನಲ್ಲಿ ಒಂದು ಒಳ್ಳೆಯ ಕೆಲಸವನ್ನೂ ಮಾಡಿದೆ. ಆ ಒಳ್ಳೆಯ ಕೆಲಸ ನೆನಪಾದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ನಾನು ಹೊಸನಗರದ ಕಡೆಯವಳು, ಕೆಲಸ ಸಾಗರದಲ್ಲಿ. ಜ್ವರದ ಸಮೀಕ್ಷೆಯೊಂದರ ಆಫೀಸು ಅದು. ಎರಡು ಕೋಣೆ, ಮುಂದೊಂದು ಜಗುಲಿ, ಜಗುಲಿಯಲ್ಲಿ ಬಂದವರು ಕೂರಲು ಒಂದು ಬೆಂಚು. ಮಂಗನ ಕಾಯಿಲೆ ಬಂದುಹೋದ ಊರುಗಳಲ್ಲಿ ಜನರ ಆರೋಗ್ಯ ಹೇಗಿದೆ ಎಂದು ನೋಡುವುದು ಸಮೀಕ್ಷೆಯ ಉದ್ದೇಶ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತೂಕ, ನಾಡಿ, ಮೈಬಿಸಿ ನೋಡಿ, ಜ್ವರ ಬಂದಿತ್ತೇ, ಕಾಡಿಗೆ ಹೋಗುತ್ತೀರಾ ಎಂದೆಲ್ಲ ಕೇಳಿ ಬರೆದು ಕಳಿಸುತ್ತಾರೆ. ಅದನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ, ಲೆಕ್ಕ ಹಾಕುವುದು ಸಾಫ್ಟ್‌ವೇರಿನ ಕೆಲಸ. ಕೊನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಹಾಳೆಯ ವರದಿ ಹೋಗುತ್ತದೆ.

ಮೊದಲ ಸುತ್ತಿನ ವರದಿಗಳು ಇಂಗ್ಲಿಷಿನಲ್ಲಿ ಹೋದವು. ಊರಿನಲ್ಲಿ ನನ್ನ ಚಿಕ್ಕಮ್ಮನಿಗೂ ಒಂದು ಬಂತು. ಅವಳು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಮೂರು ವಾರ ಯಾರಿಗೂ ತೋರಿಸದೆ, ತನಗೇನೋ ದೊಡ್ಡ ಕಾಯಿಲೆಯೇ ಬಂದಿದೆ ಎಂದು ತೀರ್ಮಾನಿಸಿಕೊಂಡು, ತನ್ನ ಬೆಳ್ಳಿ ಲೋಟ ಯಾವ ಸೊಸೆಗೆ ಎಂಬಲ್ಲಿಗೆ ಯೋಚನೆ ಮುಟ್ಟಿಸಿದ್ದಳು. ಹಬ್ಬಕ್ಕೆ ಹೋದಾಗ ನಾನು ಬಿಡಿಸಿ ಓದಿದರೆ, ಎಲ್ಲ ಸರಿಯಾಗಿದೆ ಎಂದು ಬರೆದಿತ್ತು. ನನಗೆ ತಲೆ ಕೆಟ್ಟುಹೋಯಿತು. ರಜೆ ಮುಗಿಸಿ ಬಂದವಳೇ ಸಮೀಕ್ಷೆ ನೋಡಿಕೊಳ್ಳುವ ಡಾಕ್ಟರ ಮೇಲೆ ಹರಿಹಾಯ್ದೆ. ಅವರು ಕುಂದಾಪುರದ ಕಡೆಯವರು, ಯಾವುದಕ್ಕೂ ಬಿಸಿಯಾಗುವವರಲ್ಲ.

“ಹಾಗಾದ್ರೆ ನೀವೇ ಕನ್ನಡ ಮಾಡಿ ಮಾರಾಯ್ರೆ” ಎಂದರು. ನಾನು ಸುಮ್ಮನಿರುವ ಜಾತಿಯವಳಲ್ಲವಲ್ಲ, ಮಾಡುತ್ತೇನೆ ಎಂದೆ.

ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ತೆರೆದರೆ ಅಲ್ಲಿ ಭಾಷೆಗೆ ಎರಡು ಚೌಕಗಳಿದ್ದವು. ಒಂದು ಪರದೆಯ ಮೇಲಿನ ಗುಂಡಿಗಳ ಭಾಷೆ, ಇನ್ನೊಂದು ಹೊರಗೆ ಬರುವ ವರದಿಯ ಭಾಷೆ. ಎರಡನೆಯದನ್ನು ಒತ್ತಿದರೆ ಉದ್ದಕ್ಕೆ ಪಟ್ಟಿ ಬಂತು. ನಾನು ಹೆಸರೇ ಕೇಳದ ದೇಶಗಳ ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಕೆಳಗೆ ಮಾತ್ರ, ಬೇರೆ ಭಾಷೆ ಬೇಕಿದ್ದರೆ ನೀವೇ ಸೇರಿಸಿಕೊಳ್ಳಿ ಎಂದಿತ್ತು. ಅದನ್ನು ಒತ್ತಿದಾಗ ಎರಡು ಅಂಕಣದ ಒಂದು ಕಡತ ತೆರೆಯಿತು. ಎಡಗಡೆ ಇಂಗ್ಲಿಷಿನ ನೂರಾರು ವಾಕ್ಯಗಳು, ಬಲಗಡೆ ಪೂರ್ತಿ ಖಾಲಿ. ಬಲಗಡೆ ನಾನು ಏನು ಬರೆಯುತ್ತೇನೋ ಅದೇ ವರದಿಯ ಕನ್ನಡವಾಗುತ್ತಿತ್ತು.

ಎರಡು ತಿಂಗಳು ಮಧ್ಯಾಹ್ನದ ಹೊತ್ತೆಲ್ಲ ಅದಕ್ಕೇ ಹೋಯಿತು. ಇಂಗ್ಲಿಷಿನ ವಾಕ್ಯಗಳು ಮನುಷ್ಯರಿಗೆ ಬರೆದವಲ್ಲ. ಯಾರೋ ಯಾರ ಬಗ್ಗೆಯೋ ಬೆನ್ನ ಹಿಂದೆ ಮಾತಾಡಿದ ಹಾಗಿದ್ದವು. ನಾನು ಹಾಗೆ ಬರೆಯಬಾರದು ಎಂದು ಹಟ ಹಿಡಿದೆ. ‘ನೀವು’ ಎಂದೇ ಶುರು ಮಾಡಿದೆ. ಸ್ಥಿತಿ ಸ್ಥಿರ ಎಂಬಲ್ಲಿ ‘ನೀವು ಹುಷಾರಾಗಿದ್ದೀರಿ’ ಎಂದು ಬರೆದೆ. ತೂಕದಲ್ಲಿ ಇಳಿಕೆ ಎಂಬಲ್ಲಿ ‘ಹಿಂದಿನ ಸಲಕ್ಕಿಂತ ನಿಮ್ಮ ತೂಕ ಸ್ವಲ್ಪ ಇಳಿದಿದೆ’ ಎಂದು ಬರೆದು, ಇಂಗ್ಲಿಷಿನಲ್ಲಿ ಇಲ್ಲದಿದ್ದರೂ ‘ಊಟ ಬಿಡಬೇಡಿ’ ಎಂದು ನನ್ನದೊಂದು ಮಾತು ಸೇರಿಸಿದೆ. ಒಬ್ಬರು ಕಾಗದ ಹಿಡಿದು ಕೂತಾಗ ಮುಂದೆ ಯಾರೋ ಕೂತು ಹೇಳಿದ ಹಾಗಿರಬೇಕು ಎಂಬುದು ನನ್ನ ಆಸೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ನೋಡುತ್ತಿದ್ದೆ.

ಹಾಗೆ ಓದುತ್ತಿದ್ದ ಒಂದು ದಿನ ಕಸ ಗುಡಿಸುವ ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಯಾರ ಹತ್ರ ಮಾತಾಡ್ತಿದ್ರಿ ಮೇಡಂ?” ಎಂದು ಕೇಳಿದಳು.

“ಯಾರ ಹತ್ರವೂ ಇಲ್ಲ. ಬರೆದಿದ್ದು ಓದ್ತಿದ್ದೆ” ಎಂದೆ.

“ಅಲ್ಲ, ನೀವು ಒಂದು ಮಾತು ಹೇಳ್ತಿದ್ರಿ, ಸುಮ್ನಾಗ್ತಿದ್ರಿ. ಮತ್ತೆ ಒಂದು ಮಾತು, ಮತ್ತೆ ಸುಮ್ನೆ. ಆ ಕಡೆಯವ್ರು ಮಾತಾಡುವಾಗ ಸುಮ್ನಿರ್ತೀವಲ್ಲ, ಹಂಗೆ.”

ಕೆಲಸ ನೋಡು ಹೋಗು ಎಂದು ಅವಳನ್ನು ಗದರಿಸಿದೆ. ಆದರೆ ಆಮೇಲೆ ಗಟ್ಟಿಯಾಗಿ ಓದುವುದನ್ನು ಬಿಟ್ಟೆ. ಖಾಲಿ ಕೋಣೆಯಲ್ಲಿ ‘ನೀವು’ ಎನ್ನುವುದು ಅಷ್ಟು ಒಳ್ಳೆಯದಲ್ಲ ಎಂದು ಯಾಕೋ ಅನ್ನಿಸಿತು.

ಆ ಕಡತದ ಒಂದೇ ಒಂದು ವಾಕ್ಯವನ್ನು ನಾನು ಬೇಕೆಂದೇ ಖಾಲಿ ಬಿಟ್ಟೆ. ಅದನ್ನು ಹೇಳಲೇಬೇಕು. ಯಾರದಾದರೂ ತೂಕವೋ ನಾಡಿಯೋ ಅವತ್ತು ನೋಡಲಾಗದೆ ಖಾಲಿ ಉಳಿದರೆ, ಸಾಫ್ಟ್‌ವೇರು ಅದೇ ವಯಸ್ಸಿನ, ಅದೇ ತರಹದ ಕೆಲಸ ಮಾಡುವ ಬೇರೆಯವರನ್ನು ಹುಡುಕಿ, ಅವರ ಅಳತೆಗಳಿಂದ ಒಂದು ಅಂದಾಜು ಮಾಡಿ ಆ ಜಾಗ ತುಂಬುತ್ತದೆ. ಮೂರು ತಾಲ್ಲೂಕಿನ ಸರಾಸರಿ ಹಿಡಿಯಲು ಅದರಿಂದ ಅನುಕೂಲ, ತಪ್ಪೇನಿಲ್ಲ. ಹಾಗೆ ತುಂಬಿದ ಅಂಕಿಯ ಪಕ್ಕ ಒಂದು ನಕ್ಷತ್ರ ಹಾಕಿ, ಇದು ಅಳೆದದ್ದಲ್ಲ, ಅಂದಾಜು ಎಂದು ಕೆಳಗೆ ಬರೆಯುತ್ತದೆ. ನಾನು ಯೋಚಿಸಿದ್ದು, ನಕ್ಷತ್ರ ನೋಡಿದರೆ ಹಳ್ಳಿಯವರು ಗಾಬರಿ ಬೀಳುತ್ತಾರೆ, ಅಂದಾಜು ಎಂದರೆ ಇಡೀ ಹಾಳೆಯನ್ನೇ ನಂಬುವುದಿಲ್ಲ, ಅವರಿಗೆ ಇದೆಲ್ಲ ಯಾತಕ್ಕೆ ಎಂದು. ಬಲಗಡೆ ಖಾಲಿ ಬಿಟ್ಟರೆ ವರದಿಯಲ್ಲಿ ನಕ್ಷತ್ರವೂ ಬರುವುದಿಲ್ಲ, ಆ ಸಾಲೂ ಬರುವುದಿಲ್ಲ. ಬಿಟ್ಟೆ. ಚಿಕ್ಕಮ್ಮನ ಪರವಾಗಿ ಅಷ್ಟು ಕೂಗಾಡಿದವಳು ನಾನೇ, ಹಳ್ಳಿಯವರಿಗೆ ಯಾತಕ್ಕೆ ಎಂದವಳೂ ನಾನೇ.

ಎರಡನೆಯ ಸುತ್ತಿನ ವಿವರಗಳೆಲ್ಲ ತುಂಬಿದ ಮೇಲೆ ವರದಿಯ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದೆ. ಪರದೆಯಲ್ಲಿ ಏನೂ ಬದಲಾಗಲಿಲ್ಲ. ಗುಂಡಿಗಳು ಇಂಗ್ಲಿಷಿನಲ್ಲೇ ಇದ್ದವು, ಹಳೆಯ ವರದಿಗಳೂ ಹಾಗೇ ಇದ್ದವು. ಕೆಲಸ ಆಯಿತೋ ಇಲ್ಲವೋ ಎಂದು ನೋಡಲು ಪ್ರಿಂಟ್ ಒತ್ತಿದೆ. ಒಂದೊಂದೇ ಹಾಳೆ ಬರತೊಡಗಿತು. ನೀವು ಹುಷಾರಾಗಿದ್ದೀರಿ. ನೀವು ಹುಷಾರಾಗಿದ್ದೀರಿ. ನಿಮ್ಮ ನಾಡಿ ಬಡಿತ ಸರಿಯಾಗಿದೆ. ಸುಡು ಬೇಸಿಗೆಯ ಹಗಲು, ಹೊರಗೆ ರಸ್ತೆಯಲ್ಲಿ ಸಿಗಂದೂರಿಗೆ ಹೋಗುವವರ ವ್ಯಾನುಗಳ ಹಾರ್ನು ಕೇಳುತ್ತಿತ್ತು. ಆದರೂ ನನ್ನ ತೋಳಿನ ಮೇಲೆ ಕೂದಲು ನಿಂತಿತ್ತು. ಇಂಗ್ಲಿಷಿನಲ್ಲಿ ಬರೀ ಅಂಕಿಗಳಾಗಿದ್ದವರು ಈಗ ಒಬ್ಬೊಬ್ಬರಾಗಿ ಕೋಣೆಗೆ ಬಂದು ನಿಲ್ಲುತ್ತಿದ್ದಾರೆ ಅನ್ನಿಸಿತು. ನಾನು ಎದ್ದು ಕಿಟಕಿ ಪೂರ್ತಿ ತೆರೆದೆ.

ಡಾಕ್ಟರು ಓದಿ ಖುಷಿಪಟ್ಟರು. ಒಂದೊಂದು ಮನೆಯ ಹಾಳೆಗಳನ್ನು ಒಂದೊಂದು ಕವರಿಗೆ ಹಾಕಿ, ಬೇರೆಯವರು ಓದದಂತೆ ಪಿನ್ ಹೊಡೆದು ಊರುಗಳಿಗೆ ಕಳಿಸಿದೆವು.

ಎರಡು ವಾರದ ಮೇಲೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇಬ್ಬರು ಹೆಂಗಸರು ಬಂದರು. ಮೇಗರವಳ್ಳಿಯಿಂದಲೂ ಒಳಗಿನ ಒಂದು ಹಳ್ಳಿಯವರು. ಮೊದಲ ಬಸ್ಸಿಗೆ ಹೊರಟು, ತೀರ್ಥಹಳ್ಳಿಯಲ್ಲಿ ಇಳಿದು, ಹೊಸನಗರದಲ್ಲಿ ಮತ್ತೆ ಇಳಿದು ಹತ್ತಿ ಬಂದವರು. ಒಬ್ಬಳಿಗೆ ಮೂವತ್ತೈದು ಇರಬಹುದು. ಇನ್ನೊಬ್ಬರು ಅವಳ ಅತ್ತೆ, ಎಪ್ಪತ್ತು ದಾಟಿದವರು. ಅತ್ತೆ ಪೆಟ್ಟಿಗೆಯಿಂದ ತೆಗೆದ, ಮಡಿಕೆಯ ಗುರುತು ಇನ್ನೂ ಮಾಸದ ಸೀರೆ ಉಟ್ಟಿದ್ದರು. ಮಡಿಲಲ್ಲಿ ಬಟ್ಟೆ ಸುತ್ತಿದ ಸ್ಟೀಲಿನ ಬುತ್ತಿ ಇಟ್ಟುಕೊಂಡು ಜಗುಲಿಯ ಬೆಂಚಿನಲ್ಲಿ ಕೂತರು. ಸೊಸೆ ಮಾತ್ರ ಒಳಗೆ ಬಂದು, ಒಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು.

“ಇವ್ರನ್ನ ಎಲ್ಲಿ ನೋಡಿದ್ರಿ ಮೇಡಂ?”

ನಮ್ಮದೇ ವರದಿ. ಗಂಡಸು, ವಯಸ್ಸು ನಲವತ್ತೊಂದು. ನೀವು ಹುಷಾರಾಗಿದ್ದೀರಿ. ನಿಮ್ಮ ನಾಡಿ ಬಡಿತ ಸರಿಯಾಗಿದೆ. ಹಿಂದಿನ ಸಲಕ್ಕಿಂತ ನಿಮ್ಮ ತೂಕ ಸ್ವಲ್ಪ ಇಳಿದಿದೆ. ಊಟ ಬಿಡಬೇಡಿ.

“ಎಲ್ಲಿ ಅಂದ್ರೆ? ನಿಮ್ಮನೆಗೇ ಬಂದು ನೋಡಿದ್ದಲ್ವಾ ಆಶಾದವರು?” ಎಂದೆ. ನನ್ನ ದನಿ ಎಂದಿನಂತೆ ಸ್ವಲ್ಪ ಗಡುಸಾಗಿಯೇ ಇತ್ತು.

“ಇವ್ರು ನಮ್ಮನೆಯವ್ರು” ಎಂದಳು. “ಎರಡು ಮಳೆಗಾಲದ ಹಿಂದೆ ಉಪ್ಪಾಗೆ ಹಣ್ಣು ಕೊಯ್ಯಾಕೆ ಅಂತ ಕಾಡಿಗೆ ಹೋದವ್ರು ವಾಪಸ್ ಬಂದಿಲ್ಲ.”

ಕೂರಿ ಎಂದೆ. ಅವಳು ಕೂರಲಿಲ್ಲ, ನಿಂತೇ ಹೇಳಿದಳು. ಜೋರು ಮಳೆಯ ದಿನ, ಜೊತೆಯವರೆಲ್ಲ ಮಧ್ಯಾಹ್ನಕ್ಕೆ ತಿರುಗಿದರೂ ಇನ್ನೊಂದು ಮರ ನೋಡಿ ಬರುತ್ತೇನೆ ಎಂದು ಅವನು ಗುಡ್ಡದ ಮೇಲೆ ಹತ್ತಿದ್ದನಂತೆ. ಎಂಟು ದಿನ ಊರೆಲ್ಲ ಹುಡುಕಿತು. ಹಳ್ಳದ ದಂಡೆಯಲ್ಲಿ ಕತ್ತಿಯೂ ಬುಟ್ಟಿಯೂ ಸಿಕ್ಕವು. ಪೊಲೀಸರಿಗೆ ಹೇಳಿದರು, ಸಿಗಂದೂರಿಗೆ ಹೋಗಿ ಬೇಡಿಕೊಂಡು ಬಂದರು, ಏನೂ ಗೊತ್ತಾಗಲಿಲ್ಲ. ಈ ಸಲ ಹಿರಿಯರೆಲ್ಲ ಕೂತು, ಹುಲ್ಲಿನ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮುಗಿಸುವುದು ಎಂದು ದಿನ ಗೊತ್ತು ಮಾಡಿದ್ದರು. ಬರುವ ಅಮಾವಾಸ್ಯೆಯ ಮಾರನೆಯ ದಿನ. ಅತ್ತೆಯನ್ನು ಒಪ್ಪಿಸಲು ನಾಲ್ಕು ತಿಂಗಳು ಹಿಡಿದಿತ್ತು. ಅಷ್ಟರಲ್ಲಿ ಈ ಕವರು ಬಂತು.

“ಅತ್ತೆಗೆ ನಾನೇ ಓದಿ ಹೇಳಿದೆ ಮೇಡಂ. ಹೇಳಬಾರದಿತ್ತು. ಅವತ್ತಿಂದ ಕ್ರಿಯೆ ಬೇಡ ಅಂತ ಕೂತಿದಾರೆ. ಅಲ್ಲಿ ಅವನಿಗೆ ಊಟ ಸರಿ ಇಲ್ವಾ, ಯಾರು ಬಡಿಸ್ತಾರೆ, ಎಂತಕ್ಕೆ ತೂಕ ಇಳೀತು ಅಂತ ದಿನಾ ಕೇಳ್ತಾರೆ. ಮಧ್ಯಾಹ್ನ ಇವ್ರಿಗೆ ಅಂತ ಹಾಕಿಡೋ ಎಲೆಗೆ ಎರಡು ಸೌಟು ಜಾಸ್ತಿ ಹಾಕ್ತಾರೆ. ಇವತ್ತು ಬುತ್ತಿ ಕಟ್ಕಂಡ್ ಬಂದಿದಾರೆ. ನೋಡಿದವ್ರು ನೀವಲ್ವಾ, ನಿಮ್ಮ ಕೈಲಿ ಕೊಟ್ರೆ ಮುಟ್ಟಿಸ್ತೀರಿ ಅಂತ.”

ಕಿಟಕಿಯಿಂದ ಜಗುಲಿ ಕಾಣುತ್ತಿತ್ತು. ಅತ್ತೆ ಎರಡು ಕೈಯಲ್ಲೂ ಬುತ್ತಿಯನ್ನು ಒತ್ತಿ ಹಿಡಿದು, ನಮ್ಮ ಬಾಗಿಲನ್ನೇ ನೋಡುತ್ತಿದ್ದರು.

ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿ, ಕಾಡಿಗೆ ಹೋದವನ ಹೆಸರು ಯಾಕೆ ಬರೆದೆ ಎಂದು ಕೇಳಿದೆ.

“ಮತ್ತೆಂತ ಮಾಡ್ಲಿ ಮೇಡಂ?” ಎಂದಳು. “ತಲೆ ಎಣಿಸಬಾರ್ದು ಅಂತ ನಮ್ಮ ಕಡೆ ಮನೇಲಿ ಊಟಕ್ಕೆ ಎಷ್ಟು ಎಲೆ ಅಂತಲೇ ಕೇಳದು. ಅಜ್ಜಮ್ಮ ಐದು ಎಲೆ ಅಂದ್ರು. ನಾನು ಹೋದಾಗ ಎಲೆ ಹಾಕಿನೂ ಆಗಿತ್ತು, ಐದೇ ಇತ್ತು. ಅವ್ರ ಎದುರೇ ನಾಲ್ಕು ಅಂತ ಹೆಂಗೆ ಬರೀಲಿ? ಹೆಸರು ಬರೆದು ಬಾಕಿ ಎಲ್ಲ ಖಾಲಿ ಬಿಟ್ಟೆ. ಖಾಲಿ ನೋಡಿದ್ರೆ ಆಫೀಸಿನವ್ರಿಗೆ ಗೊತ್ತಾಗ್ತದೆ ಅಂದ್ಕಂಡೆ.”

ಅವಳಿಗೆ ಬಯ್ಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ನಮ್ಮ ಊರಿನಲ್ಲೂ ಕೇಳುವುದು ಹಾಗೆಯೇ. ಅವಳ ಜಾಗದಲ್ಲಿ ನಾನಿದ್ದರೂ ಐದೇ ಬರೆಯುತ್ತಿದ್ದೆ. ಖಾಲಿ ಬಿಟ್ಟದ್ದನ್ನು ಮೊದಲ ಸುತ್ತಿನ ವಯಸ್ಸು, ಕೆಲಸ ಹಿಡಿದು ಯಂತ್ರ ತುಂಬಿತ್ತು, ತುಂಬಿದ್ದೇನೆ ಎಂದು ಅದು ಹೇಳಬೇಕಿದ್ದ ಮಾತನ್ನು ನಾನು ಹೇಳಗೊಟ್ಟಿರಲಿಲ್ಲ. ಮೂರು ವರ್ಷದ ಹಿಂದೆ, ಮೊದಲ ಸುತ್ತಿನಲ್ಲಿ ಅವನು ನಿಜವಾಗಿಯೂ ತೂಕದ ಯಂತ್ರದ ಮೇಲೆ ನಿಂತಿದ್ದ. ಆ ನಿಜದ ತೂಕದಿಂದ ಈ ಅಂದಾಜಿನ ತೂಕವನ್ನು ಕಳೆದು, ಇಳಿದಿದೆ ಎಂದು ಸಾಫ್ಟ್‌ವೇರು ನನ್ನ ಮಾತಿನಲ್ಲಿ ಅವನ ತಾಯಿಗೆ ಹೇಳಿತ್ತು.

ಸೊಸೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವಳು ಅಳಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು: “ಮತ್ತೆ ಈ ನಾಡಿ ಯಾರ್ದು?”

ಅದೂ ಸಿಗುತ್ತದೆ. ಕಂಪ್ಯೂಟರಿನಲ್ಲಿ ಅವನ ಸಾಲು ತೆರೆದು, ಹೆಸರುಗಳು ಕಾಣದಂತೆ ಪರದೆಗೆ ಕೈ ಅಡ್ಡ ಹಿಡಿದು ತೋರಿಸಿದೆ. ಐದು ಜನ ಗಂಡಸರು. ಇಬ್ಬರು ಸಾಗರದ ಕಡೆಯವರು, ಇಬ್ಬರು ಹೊಸನಗರದ ಕಡೆಯವರು, ಒಬ್ಬ ಅವರ ಪಕ್ಕದೂರಿನವನೇ. ಎಲ್ಲರಿಗೂ ನಲವತ್ತರ ಆಸುಪಾಸು, ಎಲ್ಲರೂ ಉಪ್ಪಾಗೆಗೆ ಕಾಡಿಗೆ ಹೋಗುವವರು.

“ಅವ್ರೆಲ್ಲ ಇದಾರಾ?”

“ಇದ್ದಾರೆ.”

“ಹೋದವ್ರೆಲ್ಲ ವಾಪಸ್ ಬಂದಿದಾರೆ ಅನ್ನಿ” ಎಂದಳು. ಆಮೇಲೆ ಪರದೆಯ ಮೇಲಿನ ಆ ಸಾಲನ್ನೇ ನೋಡುತ್ತಾ, “ಐದು ಜನ ಸೇರಿ ಇವ್ರೊಬ್ರು ಆದ್ರು” ಎಂದಳು. ನಾನೂ ನೋಡಿದೆ. ವಯಸ್ಸಿತ್ತು, ನಾಡಿಯಿತ್ತು, ಮೈಯ ಬಿಸಿ ಇತ್ತು. ಬದುಕಿರುವ ಮನುಷ್ಯನ ಬಗ್ಗೆ ನಾವು ಬರೆದುಕೊಳ್ಳುವುದೂ ಅಷ್ಟೇ. ಆ ಸಾಲಿಗೂ ಅದರ ಮೇಲಿನ ಸಾಲಿಗೂ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಪಟ್ಟಿಯಲ್ಲಿ ಇನ್ನೂ ಎಷ್ಟು ಜನ ಹೀಗಿದ್ದಾರೋ ಎಂಬ ಯೋಚನೆ ಬಂದು, ಪರದೆಯನ್ನು ಮೇಲೆ ಕೆಳಗೆ ಓಡಿಸಲು ನನಗೆ ಧೈರ್ಯವಾಗಲಿಲ್ಲ.

“ನಂಗೆ ಗೊತ್ತಿತ್ತು ಮೇಡಂ” ಎಂದಳು. “ಇವ್ರು ಬರಲ್ಲ ಅಂತ ಬುಟ್ಟಿ ಸಿಕ್ಕಿದ ದಿನವೇ ಗೊತ್ತಿತ್ತು. ಆದ್ರೆ ನೀವು ಹುಷಾರಾಗಿದ್ದೀರಿ ಅಂತ ಓದ್ತಿದ್ದಂಗೆ ಹಿಂದೆ ತಿರುಗಿ ನೋಡ್ದೆ. ನಿಂತ್ಕಂಡು ಕೇಳ್ತಿದಾರೇನೋ ಅನ್ಸ್ತು. ಇಂಗ್ಲೀಷಲ್ಲಿ ಇದ್ದಿದ್ರೆ ಒಲೆಗೆ ಹಾಕ್ತಿದ್ದೆ.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

“ಎರಡು ವರ್ಷ ಆತು, ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ. ಕ್ರಿಯೆ ಆಗ್ಬೇಕು ಮೇಡಂ, ನಂಗೆ ಇನ್ನು ಆಗಲ್ಲ. ನಾನು ಹೇಳಿದ್ರೆ ಅತ್ತೆ ನಂಬಲ್ಲ. ಕಾಗದ ಹೇಳಿದ್ದನ್ನ ಕಾಗದವೇ ಅಲ್ಲ ಅನ್ಬೇಕು. ಇನ್ನೊಂದು ಕೊಡಿ. ಇದೇ ತರದ್ದು, ಇದೇ ಸೀಲ್ ಇರೋದು.”

ಡಾಕ್ಟರು ಶಿವಮೊಗ್ಗಕ್ಕೆ ಹೋಗಿದ್ದರು. ಅವರನ್ನು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಪಟ್ಟಿಯಿಂದ ಅವನ ಸಾಲನ್ನು ತೆಗೆದು ಮತ್ತೆ ಪ್ರಿಂಟ್ ಒತ್ತಿದೆ. ಆ ಮನೆಯ ನಾಲ್ಕು ಹಾಳೆ ಬಂದು ಯಂತ್ರ ನಿಂತಿತು. ಅವನಿಗೆ ಏನೂ ಬರಲಿಲ್ಲ. ಏನೂ ಬಾರದ್ದನ್ನು ಕಾಗದ ಎಂದು ಆ ತಾಯಿಗೆ ಕೊಡುವುದು ಹೇಗೆ? ಕಡತ ತೆರೆದು ಎಲ್ಲಕ್ಕಿಂತ ಕೆಳಗೆ ಹೊಸ ಸಾಲು ಸೇರಿಸಿದೆ. ಎಡಗಡೆ ಇಂಗ್ಲಿಷ್ ಇಲ್ಲದ ಸಾಲು ಅದೊಂದೇ. ತೀರಿಕೊಂಡಿದ್ದಾರೆ ಎಂದು ಬರೆದು ಅಳಿಸಿದೆ, ನನಗೇನು ಗೊತ್ತು? ಕಾಣೆಯಾಗಿದ್ದಾರೆ ಎಂದು ಬರೆದು ಅಳಿಸಿದೆ, ಅದು ಅವರಿಗೆ ಗೊತ್ತಿಲ್ಲವೇ? ಕೊನೆಗೆ ನನಗೆ ಖಂಡಿತವಾಗಿ ಗೊತ್ತಿದ್ದಷ್ಟನ್ನೇ ಬರೆದು, ಪ್ರಿಂಟ್ ತೆಗೆದು, ಸೀಲು ಒತ್ತಿದೆ.

ಹಾಳೆ ಹಿಡಿದು ಜಗುಲಿಗೆ ಬಂದಾಗ ಅತ್ತೆ ನನಗಾಗಿ ಬೆಂಚಿನಲ್ಲಿ ಸರಿದು ಕೂತರು. ಒಬ್ಬಳಿಗೆ ಬೇಕಾದ್ದಕ್ಕಿಂತ ಹೆಚ್ಚೇ ಜಾಗ ಬಿಟ್ಟು ಸರಿದರು. ನನ್ನ ಭುಜದ ಹಿಂದೆ, ತೆರೆದ ಬಾಗಿಲಿನ ಕಡೆ ಒಮ್ಮೆ ನೋಡಿದರು. ನಾನು ಅಂಚಿನಲ್ಲಿ ಕೂತು, ನಡುವಿನ ಜಾಗ ಹಾಗೇ ಬಿಟ್ಟು ಓದಿದೆ.

“ಇವರನ್ನು ನಾವು ನೋಡಿಲ್ಲ. ಇವರ ನಾಡಿ ಹಿಡಿದಿಲ್ಲ, ತೂಕ ಮಾಡಿಲ್ಲ. ಹಿಂದೆ ಕೊಟ್ಟ ಹಾಳೆಯಲ್ಲಿ ಬರೆದದ್ದು ಬೇರೆಯವರ ಅಳತೆ. ತಪ್ಪು ನಮ್ಮದು.”

“ಇನ್ನೊಂದ್ಸಲ ಓದು ಮಗಾ” ಎಂದರು. ಓದಿದೆ.

“ಹಂಗಾರೆ ಅವನ ತೂಕ ನೀವು ನೋಡಿಲ್ಲ.”

“ಇಲ್ಲಮ್ಮ.”

“ಯಾರೂ ನೋಡಿಲ್ಲ.”

“ಯಾರೂ ನೋಡಿಲ್ಲ ಅಮ್ಮ.”

“ತೂಕ ಇಳಿದಿದ್ದು ಅವಂದಲ್ಲ.”

“ಅವರದ್ದಲ್ಲ.”

ಬಯ್ಯುತ್ತಾರೆ, ಇಲ್ಲವೇ ಎದೆ ಬಡಿದುಕೊಂಡು ಅಳುತ್ತಾರೆ ಎಂದು ನಾನು ಕಾದು ಕೂತೆ. ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬುತ್ತಿಯ ಮೇಲೆ ಬಿಗಿದುಕೊಂಡಿದ್ದ ಮುದುಕಿಯ ಬೆರಳುಗಳು ಒಂದೊಂದಾಗಿ ಸಡಿಲವಾದವು.

“ಹಂಗಾರೆ ಕ್ರಿಯೆ ಅವತ್ತೇ ಮಾಡ್ಸು” ಎಂದು ಸೊಸೆಯ ಕಡೆ ತಿರುಗಿ ಹೇಳಿದರು. “ಅವನು ಹೋಗಿದ್ದು ನಂಗೂ ಗೊತ್ತು. ಹಸ್ಕಂಡ್ ಇರೋನ್ನ ಹೆಂಗ್ ಕಳ್ಸದು ಅಂತ ತಡೆದಿದ್ದೆ.”